ಹುಂಜ ಕೂಗುತ್ತಿಲ್ಲ, ಹಿಕ್ಕೆ ಹಸಿರು: ಯಾವ ರೋಗ, ಏನು ಮಾಡಲಿ?

ಪ್ರಶ್ನೆ: ನಮ್ಮದು ಶಿರಾ ಕಡೆಯ ಹಳ್ಳಿ. ಹಿತ್ತಲಲ್ಲಿ ಒಂದು ನಾಟಿ ಹುಂಜ, ಆರು ಹೇಂಟೆ ಇವೆ. ಹುಂಜಕ್ಕೆ ಎರಡೂವರೆ ವರ್ಷ. ಒಂದು ವಾರದಿಂದ ಕೂಗುತ್ತಿಲ್ಲ. ಪುಕ್ಕ ಉಬ್ಬಿಸಿಕೊಂಡು ಮೂಲೆ ಸೇರುತ್ತದೆ. ಹಿಕ್ಕೆ ಹಸಿರು ನೀರಿನಂತೆ ಇದೆ. ಜುಟ್ಟು ಬಿಳಿಚಿಕೊಂಡಿದೆ. ಎರಡು ದಿನದಿಂದ ನಡೆಯುವಾಗ ತಟ್ಟಾಡುತ್ತದೆ. ಮಧ್ಯಾಹ್ನ ಬಾಯಿ ತೆರೆದು ಉಸಿರಾಡುತ್ತದೆ. ಹೇಂಟೆಗಳು ಚೆನ್ನಾಗಿಯೇ ಇವೆ. ಯಾವುದಕ್ಕೂ ಲಸಿಕೆ ಹಾಕಿಸಿಲ್ಲ. ಔಷಧದ ಅಂಗಡಿಯಲ್ಲಿ ಟೆಟ್ರಾಸೈಕ್ಲಿನ್ ಪುಡಿ ಕೊಟ್ಟರು. ಎಲ್ಲಾ ಕೋಳಿ ಕುಡಿಯುವ ನೀರಿಗೆ ಎರಡು ದಿನ ಹಾಕಿದೆ. ಹುಂಜ ಸ್ವಲ್ಪ ಚೇತರಿಸಿಕೊಂಡಿತು, ಅದಕ್ಕೇ ನಿಲ್ಲಿಸಿದೆ. ಈಗ ಮತ್ತೆ ಹಾಗೇ ಆಗಿದೆ. ಪಕ್ಕದ ಮನೆಯವರು ಇದು ಕೊಕ್ಕರೆ ರೋಗ, ಸಾಯೋ ಮುಂಚೆ ಕೊಯ್ದುಬಿಡಿ ಅಂತಾರೆ. ಮಗ ಒಪ್ಪುತ್ತಿಲ್ಲ. ಗೂಡಿನ ಫೋಟೊ ಕಳಿಸಿದ್ದೇನೆ. ಇದು ಯಾವ ರೋಗ? ಹೇಂಟೆಗಳ ಮೊಟ್ಟೆ ತಿನ್ನಬಹುದಾ? ಹುಂಜ ಉಳಿಯದಿದ್ದರೆ ಬೇರೆ ತರಬಹುದಾ?

ಉತ್ತರ: ಕೊಯ್ಯಬೇಡಿ. ಕೊಯ್ದರೂ ತಿನ್ನಬೇಡಿ, ಬೇರೆಯವರಿಗೂ ಕೊಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನೀವು ಓದಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯವರು ಕತ್ತಿ ಮಸೆದುಕೊಂಡು ಬಂದಿರಬಹುದು.

ಇನ್ನು ರೋಗದ ಹೆಸರು. ಪತ್ರ ಓದಿ, ಫೋಟೊ ನೋಡಿ ಇದು ಇಂಥದ್ದೇ ಎಂದು ಹೇಳಲು ಆಗುವುದಿಲ್ಲ. ಕೋಳಿಗೆ ಬರುವ ಹತ್ತಾರು ಕಾಯಿಲೆಗಳು ಹೊರಗೆ ಕಾಣುವುದು ಒಂದೇ ಥರ. ಪುಕ್ಕ ಉಬ್ಬುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ತಿನ್ನುವುದು ನಿಲ್ಲುತ್ತದೆ, ಹಿಕ್ಕೆ ಕೆಡುತ್ತದೆ. ಎದುರಿಗೆ ಕೂತು ನೋಡಿದ ವೈದ್ಯರಿಗೂ ಎಷ್ಟೋ ಸಲ ಹೆಸರು ಗೊತ್ತಾಗುವುದು ಕೋಳಿ ಸತ್ತ ಮೇಲೆ, ಹೊಟ್ಟೆ ತೆರೆದಾಗ. ಆದರೆ ಹೆಸರು ಸಿಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಇದು ಹೇಂಟೆಗಳಿಗೆ ಹರಡುವಂಥದ್ದಾ, ಮನೆಯವರಿಗೆ ಅಪಾಯ ಇದೆಯಾ, ಹುಂಜವನ್ನು ಇನ್ನೆರಡು ಮೂರು ದಿನ ಜೀವಂತ ಇಟ್ಟುಕೊಳ್ಳುವುದು ಹೇಗೆ: ಸದ್ಯಕ್ಕೆ ಬೇಕಾದ ಪ್ರಶ್ನೆಗಳು ಇವು. ಇವಕ್ಕೆ ಹೆಸರಿಲ್ಲದೆಯೂ ಉತ್ತರ ಇದೆ.

ಒಂದು ವಾರ ಎಂದು ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ಅದಕ್ಕೂ ಮುಂಚೆಯೇ ಶುರುವಾಗಿರಬಹುದು. ಕಾಯಿಲೆಯನ್ನು ಮುಚ್ಚಿಡುವುದು ಕೋಳಿಯ ಜಾಯಮಾನ. ಸೋತಂತೆ ಕಂಡರೆ ಗುಂಪಿನವೇ ಕುಟುಕುತ್ತವೆ, ಮೇಲಿಂದ ಹದ್ದು ನೋಡುತ್ತಿರುತ್ತದೆ. ಹುಂಜ ಇನ್ನೂ ಕಷ್ಟ. ಕಾಳು ಕಂಡರೆ ಹೇಂಟೆಗಳನ್ನು ಕರೆದು ತಿನ್ನಿಸಿ ತಾನು ಸುಮ್ನೆ ನಿಲ್ಲುತ್ತದೆ. ತಿಂದಿತಾ ಇಲ್ಲವಾ ಎಂದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕೂಗು ನಿಂತಾಗಲೇ ನಮಗೆ ಎಚ್ಚರ ಆಗುವುದು.

ಹಸಿರು ಹಿಕ್ಕೆಯಿಂದ ರೋಗ ಗುರುತಿಸಲು ಹೋಗಬೇಡಿ. ಹಳ್ಳಿಯಲ್ಲಿ ಹಸಿರು ಕಂಡರೆ ಕೊಕ್ಕರೆ ರೋಗ ಎಂದುಬಿಡುತ್ತಾರೆ. ಆ ಹಸಿರು ಪಿತ್ತದ ಬಣ್ಣ. ಹೊಟ್ಟೆಗೆ ಆಹಾರ ಹೋಗದಿದ್ದಾಗ ಪಿತ್ತ ಹಾಗೇ ಹೊರಗೆ ಬರುತ್ತದೆ. ಅದರ ಜೊತೆ ಬಿಳಿ ಸುಣ್ಣದಂಥದ್ದು ಇದ್ದರೆ ಅದು ಕೋಳಿಯ ಮೂತ್ರ. ಅಂದರೆ ಹಸಿರು ಹಿಕ್ಕೆ ನಿಮಗೆ ಹೇಳುತ್ತಿರುವುದು ಹುಂಜ ಸರಿಯಾಗಿ ತಿಂದಿಲ್ಲ ಅಂತ, ಅಷ್ಟೇ. ಇನ್ನೊಂದು ಮಾತು. ಆರೋಗ್ಯವಾಗಿರುವ ಕೋಳಿಯೂ ಹತ್ತು ಸಲಕ್ಕೊಮ್ಮೆ ಕಂದು ಬಣ್ಣದ, ಅಂಟಂಟಾದ, ಕೆಟ್ಟ ವಾಸನೆಯ ಹಿಕ್ಕೆ ಹಾಕುತ್ತದೆ. ಹೇಂಟೆಗಳಲ್ಲಿ ಅದು ಕಂಡರೆ ಗಾಬರಿ ಬೇಡ. ಹಿಕ್ಕೆಯಲ್ಲಿ ರಕ್ತ ಕಂಡರೆ ಮಾತ್ರ ಬೇರೆ ವಿಷಯ.

ಹಾಗಾದರೆ ಇದು ಕೊಕ್ಕರೆ ರೋಗ ಅಲ್ಲವಾ? ಅಲ್ಲವೇ ಅಲ್ಲ ಎನ್ನಲಾರೆ, ಆದರೆ ಲಕ್ಷಣ ಅಷ್ಟಾಗಿ ಹೊಂದುವುದಿಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ವೈರಸ್‌ನಿಂದ ಬರುವುದು. ಗಾಳಿ, ನೀರು, ಹಿಕ್ಕೆ, ಚಪ್ಪಲಿ, ಸಂತೆಯ ಮಂಕರಿ, ಎಲ್ಲದರಲ್ಲೂ ಸಾಗುತ್ತದೆ. ಸಾಮಾನ್ಯವಾಗಿ ಸೋಂಕು ತಗುಲಿದ ಐದಾರು ದಿನಕ್ಕೆ ಲಕ್ಷಣ ಕಾಣುತ್ತದೆ. ಲಸಿಕೆ ಕಾಣದ ಹಿತ್ತಲಿಗೆ ಅದು ನುಗ್ಗಿದರೆ ಒಂದು ಹುಂಜವನ್ನು ಮಾತ್ರ ಹಿಡಿದು ಆರು ಹೇಂಟೆಗಳನ್ನು ವಾರವಿಡೀ ಬಿಡುವುದು ಅಪರೂಪ. ಬೆಳಿಗ್ಗೆ ಗೂಡು ತೆರೆದರೆ ಎರಡು ಸತ್ತಿರುತ್ತವೆ, ಸಂಜೆಗೆ ಇನ್ನೊಂದು. ಕೆಲವು ಗೊರಗೊರ ಎಂದು ಉಸಿರಾಡುತ್ತವೆ. ಬದುಕಿ ಉಳಿದವು ಕತ್ತು ತಿರುಚಿಕೊಂಡು ಸುತ್ತುತ್ತವೆ. ನಿಮ್ಮಲ್ಲಿ ಇದು ಯಾವುದೂ ಇಲ್ಲ. ಆದರೂ ಇನ್ನೊಂದು ಹೇಂಟೆ ಮಂಕಾದರೆ, ಅಥವಾ ಅಕ್ಕಪಕ್ಕದ ಹಿತ್ತಲಲ್ಲಿ ಕೋಳಿ ಸಾಯುತ್ತಿದ್ದರೆ, ನಾನು ಮೇಲೆ ಹೇಳಿದ್ದು ಬಿದ್ದುಹೋಗುತ್ತದೆ. ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ.

ನನ್ನ ಅನುಮಾನ ಬೇರೆ ಕಡೆಗಿದೆ. ಅದಕ್ಕೆ ಕಾರಣ ನಿಮ್ಮ ಫೋಟೊ. ಕೋಳಿ ಗೂಡು ಹಳೆಯ ಮಣ್ಣಿನ ಗೋಡೆಗೆ ಒರಗಿದೆ. ಗೋಡೆಯ ತುಂಬಾ ಬಿರುಕು. ಕೋಳಿ ಕೂರುವ ಗಳುವೂ ಹಳೆಯ ಮರ, ಸಿಪ್ಪೆ ಎದ್ದಿದೆ. ಶಿರಾ, ಪಾವಗಡ, ಚಳ್ಳಕೆರೆಯಂಥ ಒಣ, ಬಿಸಿ ಸೀಮೆಯಲ್ಲಿ ಇಂಥ ಬಿರುಕು ಕಂಡರೆ ಮೊದಲು ನೆನಪಾಗುವುದು ಕೋಳಿ ಉಣ್ಣೆ. ದನದ ಮೈಮೇಲೆ ಕಾಣುವ ಉಣ್ಣೆ ಅಲ್ಲ ಇದು. ಚಪ್ಪಟೆಯಾಗಿ, ಬೂದು ಕಂದು ಬಣ್ಣಕ್ಕೆ ಇರುತ್ತದೆ. ಹಗಲು ಬಿರುಕಿನೊಳಗೆ ಅಡಗುತ್ತದೆ. ರಾತ್ರಿ ಹೊರಬಂದು ಕೋಳಿಯ ರಕ್ತ ಹೀರಿ, ಬೆಳಗಾಗುವ ಮುಂಚೆ ವಾಪಸ್ ಹೋಗುತ್ತದೆ. ಹಗಲಲ್ಲಿ ಕೋಳಿಯನ್ನು ಹಿಡಿದು ಎಷ್ಟು ಹುಡುಕಿದರೂ ಬೆಳೆದ ಉಣ್ಣೆ ಸಿಗುವುದಿಲ್ಲ. ಅದಕ್ಕೇ ಜನ ನಮ್ಮ ಕೋಳಿಗೆ ಉಣ್ಣೆ ಇಲ್ಲ ಎಂದುಕೊಂಡಿರುತ್ತಾರೆ.

ಇದು ರಕ್ತ ಕುಡಿಯುವುದರ ಜೊತೆಗೆ ಸುರುಳಿಯಂಥ ಒಂದು ಬ್ಯಾಕ್ಟೀರಿಯಾವನ್ನೂ ಕೋಳಿಗೆ ದಾಟಿಸುತ್ತದೆ. ಅದರಿಂದ ಬರುವ ಕಾಯಿಲೆಗೆ ಸ್ಪೈರೋಕೀಟೋಸಿಸ್ ಎನ್ನುತ್ತೇವೆ. ಸುಲಭಕ್ಕೆ ಉಣ್ಣೆ ಜ್ವರ ಎಂದಿಟ್ಟುಕೊಳ್ಳಿ. ಜ್ವರ, ಮಂಕು, ಹಸಿರು ಭೇದಿ, ಬಿಳಿಚಿದ ಜುಟ್ಟು, ಆಮೇಲೆ ಕಾಲು ಸೋಲುವುದು. ನಿಮ್ಮ ಪತ್ರವನ್ನು ಪಕ್ಕದಲ್ಲಿಟ್ಟು ಓದಿ ನೋಡಿ, ಹೆಚ್ಚುಕಡಿಮೆ ಅದೇ ಕ್ರಮ. ಇನ್ನೊಂದು ಸುಳಿವು ಟೆಟ್ರಾಸೈಕ್ಲಿನ್. ಅದು ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧ. ವೈರಸ್ ಆಗಿದ್ದರೆ ಆ ಪುಡಿಗೆ ಜಗ್ಗುತ್ತಿರಲಿಲ್ಲ. ಈ ಬ್ಯಾಕ್ಟೀರಿಯಾ ಅದಕ್ಕೂ ಬಗ್ಗುತ್ತದೆ, ಪೆನಿಸಿಲಿನ್‌ಗೂ ಬಗ್ಗುತ್ತದೆ. ಎರಡು ದಿನ ಚೇತರಿಸಿಕೊಂಡು, ಔಷಧ ನಿಲ್ಲಿಸಿದ ಮೇಲೆ ಮತ್ತೆ ಬಿದ್ದಿದೆ ಎಂದರೆ ಬ್ಯಾಕ್ಟೀರಿಯಾದ ಕಡೆ ತೂಕ ಜಾಸ್ತಿ. ಆದರೆ ಕೋಳಿ ಟೈಫಾಯ್ಡ್, ಕೋಳಿ ಕಾಲರಾ ಕೂಡ ಬ್ಯಾಕ್ಟೀರಿಯಾದಿಂದಲೇ ಬರುವುದು. ಅವುಗಳಲ್ಲೂ ಹಸಿರು ಅಥವಾ ಹಳದಿ ಭೇದಿ ಇರುತ್ತದೆ. ಹಾಗಾಗಿ ಇದನ್ನು ಅನುಮಾನ ಎಂದೇ ಇಟ್ಟುಕೊಳ್ಳಿ, ತೀರ್ಪು ಎನ್ನಬೇಡಿ.

ಅನುಮಾನ ಪರೀಕ್ಷಿಸುವುದು ಸುಲಭ. ಇವತ್ತು ಹಗಲಲ್ಲಿ ಒಂದು ಹಳೆಯ ಚಾಕು ತಗೊಂಡು ಗೋಡೆಯ ಬಿರುಕು, ಗಳುವಿನ ಸಿಪ್ಪೆ, ಗೂಡಿನ ಮೂಲೆಗಳನ್ನು ಕೆದಕಿ. ಚಪ್ಪಟೆ ಉಣ್ಣೆ ಉದುರಿದರೆ ಅರ್ಧ ಉತ್ತರ ಸಿಕ್ಕಿದಂತೆ. ರಾತ್ರಿ ಒಂಬತ್ತು ಹತ್ತರ ಮೇಲೆ ಟಾರ್ಚ್ ಹಿಡಿದು ಗೂಡು ನೋಡಿ. ಹುಂಜದ ರೆಕ್ಕೆ ಎತ್ತಿ ಅದರ ಅಡಿಯ ಬೋಳು ಚರ್ಮವನ್ನೂ ನೋಡಿ. ಉಣ್ಣೆ ಮರಿಗಳು ಮಾತ್ರ ಕೆಲವು ದಿನ ಮೈಗೇ ಕಚ್ಚಿಕೊಂಡಿರುತ್ತವೆ. ಕಡು ನೀಲಿ ಕೆಂಪು ಕಾಳಿನ ಥರ ಕಾಣುತ್ತವೆ, ಸುತ್ತ ಚರ್ಮ ಕೆಂಪಾಗಿರುತ್ತದೆ. ಹೇನು, ನುಸಿ ಇದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಹುಂಜವನ್ನು ಹೇಗೂ ಕೈಗೆ ತಗೊಂಡಿರುತ್ತೀರಲ್ಲ, ಪೂರ್ತಿ ನೋಡಿಬಿಡಿ. ತಲೆ ಮೇಲೆ ಒಂದು ಬಟ್ಟೆ ಹಾಕಿ, ಎರಡೂ ರೆಕ್ಕೆ ಒತ್ತಿ ಕಂಕುಳಲ್ಲಿ ಇಟ್ಟುಕೊಂಡರೆ ಸುಮ್ಮನಿರುತ್ತದೆ. ಕಾಲಿನ ಮುಳ್ಳಿನ ಬಗ್ಗೆ ಜೋಪಾನ. ಮಗನ ಮುಖದ ಹತ್ತಿರ ಬೇಡ.

ಮೊದಲು ಎದೆ ಮೂಳೆ ಮುಟ್ಟಿ. ಎರಡೂ ಕಡೆ ಮಾಂಸ ತುಂಬಿದ್ದರೆ ಕಾಯಿಲೆ ಈಚಿನದು. ಮೂಳೆ ಕತ್ತಿಯ ಅಂಚಿನಂತೆ ಸಿಕ್ಕರೆ ಹುಂಜ ವಾರಗಳಿಂದ ಸೊರಗುತ್ತಿದೆ. ಆಗ ಯೋಚನೆ ಜಂತುಹುಳ, ಬೂಷ್ಟು ಹಿಡಿದ ಆಹಾರ, ಒಳಗಿನ ಗಡ್ಡೆ, ಈ ಕಡೆಗೆ ತಿರುಗುತ್ತದೆ. ಬೂಷ್ಟು ಎಂದಾಗ ನೆನಪಾಯಿತು. ನಿಮ್ಮದು ಕಡಲೆಕಾಯಿ ಸೀಮೆ. ಮಳೆಗೆ ಸಿಕ್ಕಿ ಕಪ್ಪಾದ, ಕಹಿಯಾದ ಬೀಜವನ್ನು ಕೋಳಿಗೆ ಎರಚುವುದು ಎಲ್ಲಾ ಮನೆಯಲ್ಲೂ ಇದೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಲಿವರ್ ಹಾಳು ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಗೊತ್ತಾಗದೆ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ಸಿಕ್ಕಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಈ ವಿಷ ಬೇಯಿಸಿದರೂ ಹೋಗುವುದಿಲ್ಲ. ಹಾಗೆಯೇ ಬಿತ್ತನೆಗೆಂದು ಔಷಧ ಸವರಿಟ್ಟ ಬೀಜ ಕೋಳಿಗೆ ಸಿಕ್ಕಿತ್ತಾ ಎಂದು ಮನೆಯಲ್ಲಿ ವಿಚಾರಿಸಿ. ಸಿಕ್ಕಿದ್ದರೆ ವೈದ್ಯರಿಗೆ ಮೊದಲು ಹೇಳಬೇಕಾದ್ದು ಅದೇ.

ಆಮೇಲೆ ಕತ್ತಿನ ಬುಡದಲ್ಲಿ, ತಿಂದದ್ದು ಮೊದಲು ಸೇರುವ ಚೀಲವನ್ನು ಮುಟ್ಟಿ ನೋಡಿ. ಇದನ್ನು ಬೆಳಿಗ್ಗೆ, ಏನೂ ತಿನ್ನಿಸುವ ಮುಂಚೆ ಮಾಡಬೇಕು. ಆಗ ಅದು ಖಾಲಿ ಇರಬೇಕು. ಗಟ್ಟಿ ಉಂಡೆಯಂತಿದ್ದರೆ ಹುಲ್ಲು, ನಾರು, ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ. ನೀರು ತುಂಬಿದಂತೆ ಜೋತು, ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಹುಳಿತಿದೆ. ಎರಡರಲ್ಲಿ ಯಾವುದೇ ಆಗಿರಲಿ, ಹುಂಜವನ್ನು ತಲೆಕೆಳಗಾಗಿ ಹಿಡಿದು ವಾಂತಿ ಮಾಡಿಸಲು ಹೋಗಬೇಡಿ. ಹಾಗೆ ಮಾಡಿದಾಗ ಆ ನೀರು ಶ್ವಾಸಕೋಶಕ್ಕೆ ಇಳಿದು ಅಲ್ಲೇ ಸತ್ತ ಕೋಳಿಗಳಿವೆ. ಬಾಯೊಳಗೆ ಮೊಸರು ಹೆಪ್ಪಿನಂಥ ಹಳದಿ ಪದರ ಇದ್ದರೆ ಕೋಳಿ ಸಿಡುಬಿನ ಒಂದು ಬಗೆ ಇರಬಹುದು. ಮುಖ ಒಂದು ಕಡೆ ಊದಿ ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ ಅದು ಕೋಳಿ ನೆಗಡಿ. ಪಾದದ ಅಡಿಯಲ್ಲಿ ಕಪ್ಪು ಹೆಕ್ಕಳೆ, ಊತ ಇದೆಯಾ ನೋಡಿ. ಕೀವು ಕಟ್ಟಿದ ಪಾದದಿಂದಲೂ ಹುಂಜ ತಟ್ಟಾಡುತ್ತದೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬೀಳುವುದು ಮ್ಯಾರೆಕ್ಸ್ ರೋಗದ ಗುರುತು. ಅದು ಹೆಚ್ಚಾಗಿ ಎಳೆಯ ಕೋಳಿಗಳದು, ನಿಮ್ಮ ಹುಂಜದ ವಯಸ್ಸಿಗೆ ಸಾಧ್ಯತೆ ಕಡಿಮೆ.

ಮೈ ಬಿಸಿ ನೋಡಿ ಜ್ವರ ಎನ್ನಬೇಡಿ. ಆರೋಗ್ಯವಾಗಿರುವ ಕೋಳಿಯ ಮೈಶಾಖವೇ 41ರಿಂದ 42 ಡಿಗ್ರಿ ಸೆಲ್ಸಿಯಸ್, ನಮ್ಮ ಕೈಗೆ ಯಾವಾಗಲೂ ಬಿಸಿಯೇ. ಕಾಲು ಮಂಜಿನಂತೆ ತಣ್ಣಗಿದ್ದರೆ ಚಿಂತೆ ಮಾಡಬೇಕು. ಮಧ್ಯಾಹ್ನ ಬಾಯಿ ತೆರೆಯುವುದು ಬಿಸಿಲಿನಿಂದಲೂ ಇರಬಹುದು. ಅದೇ ಹೊತ್ತಿಗೆ ಹೇಂಟೆಗಳೂ ತೆರೆಯುತ್ತವಾ ನೋಡಿ. ಬೆಳಗಿನ ತಂಪಲ್ಲೂ ಹುಂಜ ಬಾಯಿ ತೆರೆದೇ ಇದ್ದರೆ ಶ್ವಾಸಕೋಶದ ತೊಂದರೆ, ತಡ ಮಾಡಬೇಡಿ.

ಈಗ ಆರೈಕೆ. ಹುಂಜವನ್ನು ಇವತ್ತೇ ಬೇರೆ ಮಾಡಿ. ಹೇಂಟೆಗಳಿಂದ ದೂರ, ಹುಂಜದ ಕಡೆಯಿಂದ ಹೇಂಟೆಗಳ ಕಡೆಗೆ ಗಾಳಿ ಬೀಸದ ಜಾಗ. ದೊಡ್ಡ ಮಂಕರಿ ಅಥವಾ ರಟ್ಟಿನ ಡಬ್ಬ, ಕೆಳಗೆ ಹಳೆಯ ಪೇಪರ್. ಪೇಪರ್ ಯಾಕೆಂದರೆ ಹಿಕ್ಕೆ ಎಷ್ಟು, ಹೇಗೆ ಎಂದು ಕಾಣುತ್ತದೆ, ದಿನಾ ಸುತ್ತಿ ಸುಡಬಹುದು. ಕೂರಲು ಗಳು ಬೇಡ, ಬಿದ್ದುಬಿಡುತ್ತದೆ. ಕಾಯಿಲೆಯ ಕೋಳಿಗೆ ಬೆಚ್ಚಗಿಡಿ ಎಂದು ಎಲ್ಲರೂ ಹೇಳುತ್ತಾರೆ, ಬಲ್ಬು ಹಾಕಿ ಎನ್ನುತ್ತಾರೆ. ಚಳಿಗಾಲದಲ್ಲಿ, ಮಳೆಯಲ್ಲಿ ಅದು ಸರಿ. ಆದರೆ ನಿಮ್ಮ ಕಡೆಯ ಬೇಸಿಗೆ ಹಗಲಲ್ಲಿ ಬಲ್ಬು ಹಾಕಿದರೆ ಹುಂಜವನ್ನು ನೀವೇ ಬೇಯಿಸಿದಂತೆ. ಹಗಲು ನೆರಳು, ಗಾಳಿ, ತಂಪು ನೀರು. ಬೆಳಗಿನ ಜಾವ ತಂಪೆನಿಸಿದರೆ ಗೋಣಿಚೀಲ ಹೊದಿಸಿ, ಸಾಕು.

ನೀರು ಆಹಾರಕ್ಕಿಂತ ಮುಖ್ಯ. ದೊಡ್ಡ ಕೋಳಿ ದಿನಕ್ಕೆ ಕಾಲು ಲೀಟರ್ ಹತ್ತಿರ ನೀರು ಕುಡಿಯುತ್ತದೆ, ಬಿಸಿಲಲ್ಲಿ ಇನ್ನೂ ಜಾಸ್ತಿ. ಭೇದಿಯಾಗುವ ಹುಂಜ ಅಷ್ಟನ್ನೂ ಕಳೆದುಕೊಳ್ಳುತ್ತಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪ್ಯಾಕೆಟ್ಟನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಒಂದು ಬಟ್ಟಲಲ್ಲಿ, ಬರೀ ನೀರು ಇನ್ನೊಂದು ಬಟ್ಟಲಲ್ಲಿ ಇಡಿ. ಓಆರ್‌ಎಸ್ ಒಂದೆರಡು ದಿನ ಸಾಕು. ತಾನೇ ಕುಡಿಯದಿದ್ದರೆ ಕೊಕ್ಕಿನ ಪಕ್ಕಕ್ಕೆ ಡ್ರಾಪರಿನಿಂದ ಎರಡು ಮೂರು ಹನಿ ಬಿಡಿ, ನುಂಗುವ ತನಕ ಕಾಯಿರಿ, ಮತ್ತೆ ಬಿಡಿ. ಬಾಯಿ ಅಗಲಿಸಿ ಸುರಿಯಬೇಡಿ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ತೆರೆದಿರುತ್ತದೆ. ಸುರಿದ ನೀರು ನೇರ ಅಲ್ಲಿಗೇ ಹೋಗುತ್ತದೆ. ಪ್ರೀತಿಯಿಂದ ಲೋಟದಲ್ಲಿ ಕುಡಿಸಿ ಕೊಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಆಹಾರಕ್ಕೆ ಉಪ್ಪಿಲ್ಲದ ತೆಳು ರಾಗಿ ಅಂಬಲಿ, ಮೆತ್ತಗೆ ಹಿಸುಕಿದ ಅನ್ನ, ಬೇಯಿಸಿದ ಮೊಟ್ಟೆಯ ಹಳದಿ ಪುಡಿ ಮಾಡಿ ಇಡಿ. ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ. ಕತ್ತಿನ ಚೀಲ ತುಂಬಿಕೊಂಡೇ ಇದ್ದರೆ ತಿನ್ನಿಸಲು ಹೋಗಬೇಡಿ. ಬೀಡಿ ಸೊಪ್ಪು, ಸೀಮೆಎಣ್ಣೆ, ಸಾರಾಯಿ, ಯಾವುದೂ ಬೇಡ. ಬೆಳ್ಳುಳ್ಳಿ, ಅರಿಶಿನ ಚಿಟಿಕೆಯಷ್ಟು ಹಾಕಿದರೆ ಕೆಡುಕಿಲ್ಲ, ಅದರಿಂದ ರೋಗ ವಾಸಿಯಾಗುತ್ತದೆ ಎಂದು ಕಾಯಬೇಡಿ. ಮನುಷ್ಯರ ನೋವಿನ ಮಾತ್ರೆ ಖಂಡಿತ ಬೇಡ. ಡೈಕ್ಲೋಫೆನಾಕ್ ಹಕ್ಕಿಗಳ ಮೂತ್ರಪಿಂಡ ಕೆಡಿಸುತ್ತದೆ. ಅದನ್ನು ಹಾಕಿದ ದನದ ಹೆಣ ತಿಂದು ರಣಹದ್ದುಗಳು ಸತ್ತವು, 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನೇ ನಿಷೇಧಿಸಿದರು. ಜಂತುಹುಳದ ಅಲ್ಬೆಂಡಜೋಲ್ ಮಾತ್ರೆ ಮನೆಯಲ್ಲಿದೆ ಎಂದು ಇಡೀ ಮಾತ್ರೆ ನುಂಗಿಸುವವರೂ ಇದ್ದಾರೆ. 400 ಮಿಲಿಗ್ರಾಂ ಮಾತ್ರೆ ಮನುಷ್ಯರ ಅಳತೆಯದು, ಎರಡು ಕೆಜಿ ಹುಂಜಕ್ಕೆ ಅದು ಎಷ್ಟೋ ಪಟ್ಟು ಜಾಸ್ತಿ. ಹಾಕುವುದಾದರೆ ತೂಕ ನೋಡಿ ವೈದ್ಯರೇ ಹೇಳಬೇಕು, ಅದೂ ಹುಂಜ ಸ್ವಲ್ಪ ಸುಧಾರಿಸಿದ ಮೇಲೆ.

ಟೆಟ್ರಾಸೈಕ್ಲಿನ್ ವಿಷಯಕ್ಕೆ ಬರುತ್ತೇನೆ. ಕುಡಿಯುವ ನೀರಿಗೆ ಹಾಕಿದಿರಿ. ಕಾಯಿಲೆಯ ಹುಂಜ ನೀರು ಕುಡಿಯುವುದೇ ಕಡಿಮೆ. ಹಾಗಾಗಿ ಔಷಧ ಬೇಕಾದ್ದಕ್ಕೆ ಕಡಿಮೆ ಸಿಕ್ಕಿತು, ಬೇಡವಾದ ಆರಕ್ಕೆ ಜಾಸ್ತಿ ಸಿಕ್ಕಿತು. ಎರಡೇ ದಿನಕ್ಕೆ ನಿಲ್ಲಿಸಿದ್ದರಿಂದ ರೋಗಾಣು ಪೂರ್ತಿ ಸಾಯಲಿಲ್ಲ. ಇದು ನಿಮ್ಮ ತಪ್ಪಲ್ಲ, ಅಂಗಡಿಯಲ್ಲಿ ಎಷ್ಟು ದಿನ ಎಂದು ಹೇಳಬೇಕಿತ್ತು. ಈಗ ಅದೇ ಪುಡಿಯನ್ನು ಮತ್ತೆ ಶುರು ಮಾಡಬೇಡಿ, ಅದಕ್ಕಿಂತ ಜೋರಾದದ್ದು ಕೊಡಿ ಎಂದೂ ಕೇಳಬೇಡಿ. ಹುಂಜವನ್ನು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಒಯ್ಯಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ ಕೇಳಿ, ಪಶು ಆಂಬುಲೆನ್ಸ್ ಸೇವೆಯ ನಂಬರ್ ಅದು. ಒಂದು ಕೋಳಿಗೆ ಬರುತ್ತಾರಾ ಎಂಬ ಸಂಕೋಚ ಬೇಡ. ಬರಲು ಆಗದಿದ್ದರೂ ಯಾರನ್ನು ನೋಡಬೇಕು ಎಂದಾದರೂ ಹೇಳುತ್ತಾರೆ.

ಆಸ್ಪತ್ರೆಯಲ್ಲಿ ಕೋಳಿಗೆ ಏನಾಗಿದೆ ಎಂದಷ್ಟೇ ಕೇಳಿದರೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಡಬಹುದು. ಉಣ್ಣೆ ಸಿಕ್ಕಿದ್ದರೆ ನಾಲ್ಕನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಒಯ್ಯಿರಿ. ಔಷಧ ಕೊಡುವ ಮುಂಚೆ ರೆಕ್ಕೆಯ ನರದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ನೋಡಲು ಆಗುತ್ತದಾ ಎಂದು ಕೇಳಿ. ಜ್ವರ ಇರುವಾಗ ಆ ಸುರುಳಿ ಬ್ಯಾಕ್ಟೀರಿಯಾ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಕಂಡರೆ ಪೆನಿಸಿಲಿನ್ ಇಂಜೆಕ್ಷನ್ನಿಗೆ ಹುಂಜ ಬೇಗ ಏಳುತ್ತದೆ. ಕಾಣದಿದ್ದರೆ ರೋಗ ಇಲ್ಲ ಎಂದಲ್ಲ. ಜ್ವರ ಇಳಿದ ಮೇಲೆ ಅದು ರಕ್ತದಲ್ಲಿ ಸಿಗುವುದಿಲ್ಲ, ನೀವು ಹಾಕಿದ ಪುಡಿಯಿಂದಲೂ ಮರೆಯಾಗಿರಬಹುದು. ಆ ಎರಡು ದಿನದ ಪುಡಿಯ ವಿಷಯ ವೈದ್ಯರಿಗೆ ಹೇಳಲೇಬೇಕು. ಹೆಸರು ಮರೆತಿದ್ದರೆ ಖಾಲಿ ಪ್ಯಾಕೆಟ್ ತೋರಿಸಿ.

ಉಣ್ಣೆ ಸಿಕ್ಕಿದ್ದೇ ಆದರೆ ಹುಂಜಕ್ಕಿಂತ ಗೂಡಿಗೆ ಜಾಸ್ತಿ ಚಿಕಿತ್ಸೆ ಬೇಕು. ಈ ಉಣ್ಣೆ ರಕ್ತ ಸಿಗದೆಯೂ ತಿಂಗಳುಗಟ್ಟಲೆ, ವರ್ಷ ದಾಟಿಯೂ ಬದುಕುತ್ತದೆ. ಗೂಡು ಖಾಲಿ ಬಿಟ್ಟರೆ ಸಾಯುತ್ತದೆ ಎಂಬುದು ಸುಳ್ಳು ಲೆಕ್ಕ. ಕೋಳಿಗಳನ್ನು ಬೇರೆ ಕಡೆ ಮಲಗಿಸಿ. ಹಳೆಯ ಗಳು ತೆಗೆದು ಸುಟ್ಟುಬಿಡಿ. ಪಶು ಆಸ್ಪತ್ರೆಯಲ್ಲಿ ಹೇಳುವ ಉಣ್ಣೆ ಔಷಧವನ್ನು, ಹೇಳಿದಷ್ಟೇ ನೀರಿಗೆ ಬೆರೆಸಿ, ಬಿರುಕುಗಳ ಒಳಗೆ ಹೋಗುವಂತೆ ಸಿಂಪಡಿಸಿ. ಅದು ಗೂಡಿಗೆ ಮಾತ್ರ, ಕೋಳಿಯ ಮೈಗಲ್ಲ, ಮೇವು ನೀರಿನ ಬಟ್ಟಲಿಗಂತೂ ಅಲ್ಲವೇ ಅಲ್ಲ. ಒಣಗಿದ ಮೇಲೆ ಬಿರುಕಿಗೆ ಮಣ್ಣು ಮೆತ್ತಿ ಸುಣ್ಣ ಬಳಿಯಿರಿ. ಉಣ್ಣೆಯ ಮೊಟ್ಟೆಯಿಂದ ಹೊಸ ಉಣ್ಣೆ ಮರಿ ಬರುವುದರಿಂದ ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಬೇಕು. ಸಾಧ್ಯವಾದರೆ ಹೊಸ ಗೂಡನ್ನು ಗೋಡೆಗೆ ತಾಗಿಸದೆ, ನಾಲ್ಕು ಕಾಲಿನ ಮೇಲೆ ನಿಲ್ಲಿಸಿ.

ಸಾಯೋ ಮುಂಚೆ ಕೊಯ್ಯುವ ಮಾತಿಗೆ ವಾಪಸ್ ಬರಲೇಬೇಕು. ಪಕ್ಕದ ಮನೆಯವರು ಕೆಟ್ಟವರಲ್ಲ. ಸಾವಿರ ರೂಪಾಯಿ ಬಾಳುವ ಹುಂಜ ಸುಮ್ನೆ ಮಣ್ಣು ಸೇರುತ್ತದಲ್ಲ ಎಂಬ ಸಂಕಟ ಅವರದು. ಆದರೆ ಹಳ್ಳಿಯಿಂದ ಹಳ್ಳಿಗೆ ಕೊಕ್ಕರೆ ರೋಗ ಹೋಗುವ ದೊಡ್ಡ ದಾರಿಯೇ ಇದು. ಒಬ್ಬರು ಸಂತೆಗೆ ಒಯ್ದು ಅರ್ಧ ಬೆಲೆಗೆ ಮಾರುತ್ತಾರೆ. ಇನ್ನೊಬ್ಬರು ಕೊಯ್ದು ಪುಕ್ಕ, ಕರುಳನ್ನು ತಿಪ್ಪೆಗೆ ಎಸೆಯುತ್ತಾರೆ. ಅದನ್ನು ನಾಯಿ ಎಳೆಯುತ್ತದೆ, ಬೇರೆಯವರ ಕೋಳಿ ಕೆದಕುತ್ತದೆ. ಕೊಯ್ಯುವವರ ಕೈಗೂ ಅಪಾಯ. ಸಾಲ್ಮೊನೆಲ್ಲಾದಂಥ ರೋಗಾಣು ಬೇಯಿಸಿದ ಮಾಂಸದಿಂದ ಬರುವುದಕ್ಕಿಂತ ಹಸಿ ಮಾಂಸ ಹೆಚ್ಚಿದ ಮಣೆಯಿಂದ, ಕೈಯಿಂದ ಬರುವುದೇ ಜಾಸ್ತಿ. ಟೆಟ್ರಾಸೈಕ್ಲಿನ್ ಕೂಡ ಈಗ ಆ ಮಾಂಸದಲ್ಲಿ ಇರಬಹುದು. ಮಗನಿಗೆ ಹೇಳಿ, ಹುಂಜ ನೋಡಿಕೊಳ್ಳಲಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಮುದ್ದು ಮಾಡುತ್ತಾ ಮುಖಕ್ಕೆ ತಾಗಿಸಿಕೊಳ್ಳುವುದು ಸದ್ಯಕ್ಕೆ ಬೇಡ.

ಹಕ್ಕಿ ಜ್ವರದ ಭಯವೂ ನಿಮಗಿರಬಹುದು. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಅದು ಕಂಡಿತ್ತು. ಒಂದೇ ಹುಂಜ ವಾರಗಟ್ಟಲೆ ಮಂಕಾಗಿರುವುದು ಅದರ ರೀತಿ ಅಲ್ಲ. ಅದರಲ್ಲಿ ಒಂದೆರಡು ದಿನದಲ್ಲಿ ಕೋಳಿಗಳು ಸಾಲಾಗಿ ಸಾಯುತ್ತವೆ, ತಲೆ ಊದುತ್ತದೆ, ಜುಟ್ಟು ನೀಲಿಯಾಗುತ್ತದೆ, ಸುತ್ತಮುತ್ತ ಕಾಗೆಗಳೂ ಸಾಯಬಹುದು. ಹಾಗೇನಾದರೂ ಕಂಡರೆ ಒಂದನ್ನೂ ಮುಟ್ಟದೆ ಪಶು ಇಲಾಖೆಗೆ ತಿಳಿಸಿ.

ಎಷ್ಟು ಮಾಡಿದರೂ ಹುಂಜ ಸಾಯಬಹುದು. ಸತ್ತರೆ ಹೆಣವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಐಸ್ ಇಟ್ಟು, ಅದೇ ದಿನ ಪಶು ಆಸ್ಪತ್ರೆಗೆ ಒಯ್ದು ಹೊಟ್ಟೆ ತೆರೆದು ನೋಡಲು ಕೇಳಿ. ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಒಳಗಿನ ಗುರುತು ಹಾಳಾಗುತ್ತದೆ. ಶಿರಾದ ಬಿಸಿಲಲ್ಲಿ ಅರ್ಧ ದಿನ ಬಿಟ್ಟರೂ ಕೊಳೆತು ಏನೂ ಗೊತ್ತಾಗುವುದಿಲ್ಲ. ಉಳಿದ ಆರನ್ನು ಉಳಿಸಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಒಯ್ಯಲು ಆಗದಿದ್ದರೆ ಮೂರು ಅಡಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂತುಬಿಡಿ. ಬಾವಿ, ಕೊಳವೆಬಾವಿಯ ಹತ್ತಿರ ಬೇಡ.

ಹೇಂಟೆಗಳ ವಿಷಯ. ಅವೂ ಟೆಟ್ರಾಸೈಕ್ಲಿನ್ ನೀರು ಕುಡಿದಿವೆ, ಅದು ಮೊಟ್ಟೆಗೂ ಇಳಿಯುತ್ತದೆ. ಕೊನೆಯ ಸಲ ಪುಡಿ ಹಾಕಿದ ದಿನದಿಂದ ನಾನಾದರೆ ಹತ್ತು ದಿನದ ಮೊಟ್ಟೆ ತಿನ್ನುವುದಿಲ್ಲ, ಮಾರುವುದೂ ಇಲ್ಲ. ಆಮೇಲಿನವನ್ನು ಚೆನ್ನಾಗಿ ಬೇಯಿಸಿ ತಿನ್ನಿ. ಅರೆಬೆಂದ ಮೊಟ್ಟೆ, ಹಸಿ ಮೊಟ್ಟೆ ಸದ್ಯಕ್ಕೆ ಬಿಡಿ. ಕಾವಿಗೂ ಇಡಬೇಡಿ. ಕೋಳಿ ಟೈಫಾಯ್ಡ್ ಆಗಿದ್ದರೆ ಅದು ಮೊಟ್ಟೆಯ ಮೂಲಕ ಮರಿಗೂ ಹೋಗುತ್ತದೆ.

ಹುಂಜದ ಕಾಯಿಲೆ ಏನೆಂದು ಗೊತ್ತಾಗಿ, ಹೇಂಟೆಗಳು ಎರಡು ಮೂರು ವಾರ ಆರೋಗ್ಯವಾಗಿದ್ದರೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿ. ಎಂಟು ವಾರ ದಾಟಿದ ಕೋಳಿಗೆ ಆರ್‌2ಬಿ ಎಂಬ ಲಸಿಕೆ, ಚರ್ಮದ ಕೆಳಗೆ ಚುಚ್ಚುವಂಥದ್ದು. ಮರಿಗಳಿಗೆ ಹುಟ್ಟಿದ ಒಂದು ವಾರದೊಳಗೆ ಎಫ್ ಅಥವಾ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಕಾಯಿಲೆ ಇರುವಾಗ ಲಸಿಕೆ ಹಾಕಿಸಬೇಡಿ, ಅದು ಜೀವಂತ ವೈರಸ್ಸಿನ ಲಸಿಕೆ, ಸೋತ ಕೋಳಿಯನ್ನು ಇನ್ನೂ ಸೋಲಿಸುತ್ತದೆ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ಈ ಲಸಿಕೆ ತಯಾರಾಗುತ್ತದೆ, ದುಬಾರಿಯೇನಲ್ಲ. ತೊಂದರೆ ಇರುವುದು ಬಾಟಲಿಯಲ್ಲಿ. ಒಂದರಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಐಸಿನಲ್ಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಆರು ಹೇಂಟೆಗೆ ಯಾರೂ ಬಾಟಲಿ ಒಡೆಯುವುದಿಲ್ಲ. ಅದಕ್ಕೇ ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ, ಕೋಳಿಗಳು ಗೂಡಿನಲ್ಲೇ ಇರುವ ಬೆಳಗಿನ ಜಾವಕ್ಕೆ ಪಶು ಸಿಬ್ಬಂದಿಯನ್ನು ಕರೆಸಿ. ಕತ್ತಿ ಹಿಡಿದು ಬರುವ ಆ ಪಕ್ಕದ ಮನೆಯವರನ್ನೇ ಈ ಕೆಲಸಕ್ಕೆ ಹಚ್ಚಿ, ಅವರಿಗೂ ಕೋಳಿ ಇರಬೇಕಲ್ಲ.

ಹೊಸ ಹುಂಜದ ಪ್ರಶ್ನೆ. ಹೇಂಟೆ ಮೊಟ್ಟೆ ಇಡಲು ಹುಂಜ ಬೇಕಾಗಿಲ್ಲ, ಮರಿ ಆಗಲು ಮಾತ್ರ ಬೇಕು. ಹಾಗಾಗಿ ಅವಸರ ಇಲ್ಲ. ಗೂಡಿಗೆ ಎರಡು ಸಲ ಔಷಧ ಹೊಡೆದು, ಹೇಂಟೆಗಳಿಗೆ ಲಸಿಕೆ ಹಾಕಿಸಿ ಎರಡು ಮೂರು ವಾರ ಕಳೆಯಲಿ. ಆಮೇಲೆ ತನ್ನಿ. ಸಂತೆಯಲ್ಲಿ ಕೊಳ್ಳುವುದಕ್ಕಿಂತ ಗೊತ್ತಿರುವವರ ಮನೆಯಿಂದ ತಂದರೆ ಒಳ್ಳೆಯದು. ತಂದ ಹುಂಜವನ್ನು ಇನ್ನೂ ಎರಡು ಮೂರು ವಾರ ಮನೆಯ ಇನ್ನೊಂದು ಬದಿಯಲ್ಲಿ ಬೇರೆ ಕಟ್ಟಿ, ಅದರ ಮೇವು ನೀರಿನ ಬಟ್ಟಲು ಬೇರೆಯೇ ಇಡಿ.